ಡಚ್ಚಣ್ಣನ ಮೇಲೆ ಕಟ್ಟಿದ ಹಾಡು

ಲಂಡನ್ನಿನ ಸೌತ್‌ಹಾಲ್‌ನ ತರಕಾರಿ ಅಂಗಡಿಯಲ್ಲಿ ನುಗ್ಗೆಕಾಯಿ ಆರಿಸುತ್ತಾ ಯಶಸ್‌ನ ಅಮ್ಮ ವೇದವತಿ ಆಂಟಿ ಹೇಳಿಬಿಟ್ಟರು, “ನಮ್ ಯಶಸ್‌ಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೆಲ್ಸ ಸಿಕ್ತು ತನ್ಮಯಿ. ಮುಂದಿನ ತಿಂಗಳೇ ಹೊರಡ್ತಾನೆ. ನಿಂಗೆ ಹೇಳಿಲ್ವಾ?”

ಇಲ್ಲ. ಅವರ ಕಣ್ಣು ತಪ್ಪಿಸಿ ಎರಡು ವರ್ಷ ನನ್ನ ಕೈ ಹಿಡಿದು ತಿರುಗಿದ ಮಹಾಶಯ ನನಗೆ ಹೇಳಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಅಳುವ ಪೈಕಿ ನಾನಲ್ಲ, ಸೇಡು ತೀರಿಸಿಕೊಳ್ಳುವ ಪೈಕಿ.

ಆಯುಧ ಕೈಯಲ್ಲೇ ಇತ್ತು. ನನ್ನ ಪಿಎಚ್‌ಡಿ ವಿಷಯವೇ ಬೈಗುಳ. ಹದಿನೇಳನೇ ಶತಮಾನದಲ್ಲಿ ಇಂಗ್ಲಿಷರೂ ಡಚ್ಚರೂ ಸಮುದ್ರದಲ್ಲಿ ಕಾದಾಡುವಾಗ, ಡಚ್ಚರನ್ನು ಬೆಣ್ಣೆ ಡಬ್ಬಿಗಳು ಅಂತ ಆಡಿಕೊಂಡು ಲಂಡನ್ನಿನ ಬೀದಿಗಳಲ್ಲಿ ಮಾರುತ್ತಿದ್ದ ಹಾಡುಗಳು. ಈಗ ಇವನು ಹೊರಟಿದ್ದೂ ಡಚ್ಚರ ಊರಿಗೇ!

ಕೆಂಟನ್‌ನ ಹಾಲ್‌ನಲ್ಲಿ ಲಂಡನ್ ಕನ್ನಡಿಗರ ಯುಗಾದಿ ಕಾರ್ಯಕ್ರಮ. ಭಾವಗೀತೆಗೆಂದು ಹೆಸರು ಕೊಟ್ಟಿದ್ದವಳು ಮೈಕ್ ಹಿಡಿದು ಶುರು ಮಾಡಿದೆ:

“ಬೆಣ್ಣೆ ಡಬ್ಬಿ ಡಚ್ಚಣ್ಣ ಹಡಗೇರಿ ಹೊಂಟ,
ಒಲಿದೋಳ್ಗೆ ಹೇಳದೆ ಓಡೋನು ಎಂಥಾ ಬಂಟ!”

ಜನ ಬಿದ್ದು ಬಿದ್ದು ನಕ್ಕರು. ಏನೂ ಗೊತ್ತಿಲ್ಲದ ವೇದವತಿ ಆಂಟಿ “ಒನ್ಸ್ ಮೋರ್!” ಅಂತ ಕೂಗಿದರು. ಎರಡನೇ ಸಾಲಿಗೇ ಯಶಸ್‌ನ ಕಿವಿ ಕೆಂಪಾಗಿತ್ತು. ಹಾಗೇ ಆಗಬೇಕು ಅವನಿಗೆ! ಅವನ ಮುಖ ನೋಡಿಕೊಂಡೇ ಇನ್ನೊಮ್ಮೆ ಹಾಡಿದೆ.

“ಹಿಂದೆ ಇಂಥಾ ಹಾಡಿಗೆ ಬೈಸ್ಕೊಂಡೋರು ಅದೇ ಧಾಟೀಲಿ ಉತ್ತರ ಕೊಡೋದೂ ಇತ್ತು. ಇಲ್ಲಿ ಯಾರಾದ್ರೂ ಡಚ್ಚರಿದ್ದೀರಾ?” ಅಂದೆ.

ಯಶಸ್ ಎದ್ದು ನಿಂತ. ಪಾಪಿಗೆ ಶ್ರುತಿಯೂ ಇಲ್ಲ, ತಾಳವೂ ಇಲ್ಲ.

“ಬೆಣ್ಣೆಯಂಥ ಎದೆ ನಂದು, ಭಯಕ್ಕೆ ಕರಗಿತ್ತು,
ಬೇಡ ಅಂತೀಯೇನೋ ಅಂತ ಬಾಯೇ ಕಟ್ಟಿತ್ತು...”

ಆಂಟಿಯ ಚಪ್ಪಾಳೆ ನಿಂತಿತು. “ಇದೇನೋ ಇದು, ಯಶಸ್?”

“ಅಮ್ಮಾ, ಮದ್ವೆ ಅಂತ ಆದ್ರೆ ಇವಳನ್ನೇ.”

ಅಯ್ಯೋ, ನೂರಾರು ಜನರ ಮುಂದೆ! ಸೇಡು ತೀರಿತ್ತು, ಆದರೂ ಸಿಟ್ಟು ಇಳಿದಿರಲಿಲ್ಲ. ಇವನಿಲ್ಲದ ಲಂಡನ್ ನನಗೆ ಬೇಡವೇ ಬೇಡ ಅನ್ನುವುದೂ ಆಗಲೇ ಗೊತ್ತಾಗಿ, ಸಿಟ್ಟು ಇನ್ನೂ ಹೆಚ್ಚಾಯಿತು. ವೇದಿಕೆ ಇಳಿದು ಹೋಗಿ ಅವನೆದುರು ನಿಂತೆ.

“ಬೇಡ ಅಂತೀನಿ ಅಂತ ನೀನೇ ತೀರ್ಮಾನ ಮಾಡ್ಬಿಟ್ಯಾ? ಈಗ ಕೇಳು.”

“ನನ್ ಜೊತೆ ಬರ್ತೀಯಾ?”

“ಬರಲ್ಲ. ಥೀಸಿಸ್ ಮುಗಿಯೋವರೆಗೂ ಪ್ರತಿ ಶುಕ್ರವಾರ ನೀನೇ ಇಲ್ಲಿಗೆ ಬರ್ಬೇಕು. ಅದು ನಿಂಗೆ ಶಿಕ್ಷೆ.”

ಅವನ ತುಟಿಯಂಚಲ್ಲಿ ನಗು ಇಣುಕಿತು. “ಆಮೇಲೆ?”

“ಆಮೇಲೆ ಜೀವನಪೂರ್ತಿ ನಾನೇ ಶಿಕ್ಷೆ.”