ಗಡಿಯಲ್ಲೇ ನಿಂತ ಅಲೆ

ಆ ಬೆಳಿಗ್ಗೆ ಮಂಜು ಕಿಟಕಿಯ ಗಾಜಿಗೆ ಅಂಟಿಕೊಂಡು, ಒಳಗೂ ಬಾರದೆ ದೂರವೂ ಹೋಗದೆ ನಿಂತಿತ್ತು. ಅವಳು ಪ್ರಯೋಗಾಲಯದ ದೀಪ ಹಾಕಿ, ಎಂದಿನಂತೆ ಮೇಣದ ಹಲಗೆಯನ್ನು ಅವನ ಹಲಗೆಗೆ ತಾಗಿಸಿಟ್ಟಳು.

ಅವನೆಂದರೆ, ಹೋದ ಚಳಿಗಾಲ ಜ್ವರದಲ್ಲಿ ತೀರಿಕೊಂಡ ಅವಳ ಗಂಡ. ಬೆರಳಿಗೆ ಹಿಡಿಸುವಷ್ಟು ಅಗಲದ, ಒಂದೊಂದು ಸೀಳು ಬಿಟ್ಟ ತಾಮ್ರದ ಉಂಗುರಗಳನ್ನು ಸಾಲಾಗಿ ಕೂರಿಸಿ ಆ ಹಲಗೆ ಕಟ್ಟಿದ್ದ. ಮೇಣ ಹೊಕ್ಕ ರೇಡಿಯೋ ಅಲೆ ಲೋಕರೂಢಿಯಂತೆ ಬಾಗುತ್ತದೆ. ಅವನ ಹಲಗೆಯಲ್ಲಿ ತದ್ವಿರುದ್ಧ. ಎರಡೂ ಕೂಡುವ ಗಡಿಯಲ್ಲಿ ಮಾತ್ರ ಒಂದು ಅಲೆ ಯಾವ ಕಡೆಗೂ ಸಲ್ಲದೆ, ಅಲ್ಲೇ ಮಿಡಿಯುತ್ತ ನಿಲ್ಲುತ್ತದೆ.

"ನಮ್ಮ ಸಂಸಾರ ಕಣೇ ಇದು," ಎಂದು ಅವನು ಕಣ್ಣು ಮಿಟುಕಿಸುತ್ತಿದ್ದ. "ನೀನು ನೆಟ್ಟಗೆ, ನಾನು ಉಲ್ಟಾ."

ಅಲೆಯನ್ನು ಅಳೆಯುವ ಪರದೆಯಲ್ಲಿ ಆ ಮಿಡಿತ ಬೆಟ್ಟದಂತೆ ಎದ್ದಿತು. ಪಕ್ಕದಲ್ಲೇ, ಯಾವ ಲೆಕ್ಕಕ್ಕೂ ಸಿಗದ ಚಿಕ್ಕದೊಂದು ದಿಬ್ಬ. ಅವನು ಹೋದ ಮೇಲೆ ಕಾಣಿಸಿಕೊಂಡದ್ದು. "ಬಂದೆಯಾ?" ಎಂದಳು, ಗರ್ಭಗುಡಿಯ ಮುಂದೆ ನಿಂತವಳ ದನಿಯಲ್ಲಿ.

ಅಳತೆಯ ಕೆಲಸದ ಗೆಳೆಯ ಬಾಗಿಲಲ್ಲಿ ನಿಂತಿದ್ದ. ಗಂಡನಿಗೂ ಗೆಳೆಯನಾಗಿದ್ದವನು, ಈಗ ಅವಳ ಸಹೋದ್ಯೋಗಿ. ಅವಳು ನೋಡುವ ಮೊದಲೇ ಕಣ್ಣು ತಗ್ಗಿಸಿಕೊಳ್ಳುವವನು. ಆ ದಿಬ್ಬ ದೋಷವೆಂದೂ, ಇವತ್ತು ಹಲಗೆ ಬಿಚ್ಚಲೇಬೇಕೆಂದೂ ಪ್ರಯೋಗಾಲಯದ ಹಿರಿಯರು ಹೇಳಿ ಕಳಿಸಿದ್ದರು.

"ಬಿಚ್ಚಿದ್ರೆ ಅವನು ಹೊರಟುಹೋಗ್ತಾನೆ."

"ದೆವ್ವವೇ ಆಗಿದ್ರೆ ಬಿಚ್ಚಿದ್ರೂ ಹೋಗಲ್ಲ. ಅವನ ಹಠ ನಿಮಗೆ ಗೊತ್ತಲ್ಲ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣೀರು. ತಲೆಯಾಡಿಸಿದಳು.

ಗಡಿಗೆ ತಾಗಿದ ಉಂಗುರಗಳ ಸಾಲನ್ನು ಗೆಳೆಯ ಮೆಲ್ಲಗೆ ಎಳೆದ. ತಾಮ್ರದ ನಡುವೆ ಒಂದೇ ಒಂದು ಹಳದಿಯಾಗಿ ಹೊಳೆಯಿತು. ಅವಳದೇ ಚಿನ್ನದ ಉಂಗುರ, ಸಣ್ಣ ಗರಗಸದಲ್ಲಿ ಗಂಡ ಸೀಳಿ ಕೂರಿಸಿದ್ದು. ಸೀಳದಿದ್ದರೆ ಅದು ಆ ಅಲೆಗೆ ಓಗೊಡುತ್ತಿರಲಿಲ್ಲ.

ಕಡೆಯ ಜಗಳದಲ್ಲಿ, ಹೊತ್ತಿಗೆ ಮನೆಗೆ ಬರುವುದನ್ನು ಕಲಿತ ಮೇಲೆ ತೊಡಿಸು ಎಂದು ಅದನ್ನು ಗಂಡನ ಮೇಜಿಗೆ ಎಸೆದಿದ್ದಳು. ವಾಪಸ್ ಕೊಡುತ್ತೇನೆ, ನೀನೇ ಹುಡುಕಿಕೊಂಡು ಬರುತ್ತೀಯ ಎಂದಿದ್ದ. ಮರುದಿನವೇ ಜ್ವರ. ಉಂಗುರ ಕಳೆದೇಹೋಯಿತೆಂದುಕೊಂಡಿದ್ದಳು. ಆ ದಿಬ್ಬವಾಗಿ ದಿನವೂ ಕರೆಯುತ್ತಿತ್ತು ಅದು. ಅವಳು ಕೈಮುಗಿದಳೇ ಹೊರತು ಹುಡುಕಲಿಲ್ಲ.

ಪರದೆಯಲ್ಲಿ ಬೆಟ್ಟ ಉಳಿದಿತ್ತು. ದಿಬ್ಬ ಇರಲಿಲ್ಲ.

"ಬೆಸುಗೆ ಹಾಕಿಸಿಕೊಡ್ಲಾ?" ಎಂದ ಗೆಳೆಯ.

"ಬೇಡ. ಸೀಳು ಹಾಗೇ ಇರಲಿ."

ಈ ಸಲ ಅವನು ಕಣ್ಣು ತಗ್ಗಿಸಲಿಲ್ಲ. ಆ ಕಣ್ಣಲ್ಲಿದ್ದ ಮಾತನ್ನು ಅವಳು ಓದಿಕೊಂಡಳು. ಅವನು ಅದನ್ನು ನುಂಗಿಕೊಂಡದ್ದನ್ನೂ ಕಂಡಳು. ಅಂಗೈ ಚಾಚಿದಳು. ಅವಳ ಗಂಡ ವಾಪಸ್ ಕೊಡಬೇಕಾಗಿದ್ದ ಉಂಗುರವನ್ನು ಅವನು ಅದರಲ್ಲಿ ಇಟ್ಟ.