ಸುತ್ತು ಬಿಡದ ಎತ್ತು

“ಬುಡೋ ಅದನ್ನ! ಇಲ್ಲೂ ದುಡಿಸ್ತೀಯಾ?”

ಸಿದ್ದಮ್ಮ ಹುಲ್ಲಿನ ಹೊರೆ ಎಸೆದು ಓಡಿದಳು. ಮುದಿ ಎತ್ತಿನ ಹೆಗಲಿಗೆ ಯಾರೋ ಒಬ್ಬ ಮರದ ಗಳು ಕಟ್ಟುತ್ತಿದ್ದ. ಅವನ ಎದೆಗೇ ಕೈಯಿಟ್ಟು ನೂಕಿದಳು!

ಅವನು ಸಗಣಿಯ ಮೇಲೆ ಕೂತುಬಿಟ್ಟ.

“ಹೆಸರಾದ್ರೂ ಕೇಳಿ ನೂಕಬಾರ್ದಾ? ಪುಟ್ಟಸ್ವಾಮಿ ಅಂತಾರೆ.”

ಊರಲ್ಲಿ ಕೇಳಿದ್ದ ಹೆಸರು! ಅವಳ ಮೈ ಉರಿಯಿತು. ಈ ಎತ್ತನ್ನು ಎಣ್ಣೆಗಾಣಕ್ಕೆ ಕಟ್ಟಿ ಹೊಡೆಯುತ್ತಿದ್ದವನು ಇವನೇ!

ಅದು ಮಹಾರಾಜರ ಕಾಲ. ಕುದೂರಿನ ಕೆರೆಯ ಪಕ್ಕ, ಯಾರಿಗೂ ಬೇಡವಾದ ದನಗಳಿಗೆ ಊರವರೇ ಒಂದು ದೊಡ್ಡಿ ಮಾಡಿದ್ದರು. ಸಿದ್ದಮ್ಮ ಕೂಲಿಯಿಲ್ಲದೆ ದಿನಾ ಬಂದು ಅವುಗಳ ಸೇವೆ ಮಾಡುತ್ತಿದ್ದಳು. ಮನುಷ್ಯ ಹಿಂಡುವಷ್ಟು ಹಿಂಡಿ ಬಿಸಾಕುತ್ತಾನೆ. ಯಾರಾದರೂ ಬಾಚಿಕೊಳ್ಳಬೇಕಲ್ಲ!

ಈ ಎತ್ತಿನ ಕಣ್ಣುಪಟ್ಟಿ ಬಿಚ್ಚಿದವಳೂ ಅವಳೇ. ಆದರೆ ಅದು ಬಯಲಿನಲ್ಲೂ ಸುತ್ತುತ್ತಲೇ ಇತ್ತು... ಇಲ್ಲದ ಗಾಣವನ್ನು! ಕಣ್ಣೆದುರು ಕೆರೆಯಿದ್ದರೂ ಹೋಗದು. ತಂದಿಟ್ಟ ನೀರಿನಲ್ಲಿ ಒಂದೆರಡು ಗುಟುಕು, ಮತ್ತೆ ಸುತ್ತು. ಪಕ್ಕೆಲುಬು ಎದ್ದು ಕಾಣುತ್ತಿತ್ತು.

“ಹಿಂಗೇ ಬುಟ್ರೆ ಸಾಯ್ತದೆ,” ಪುಟ್ಟಸ್ವಾಮಿ ಎದ್ದ. “ಗಳು ತಾಕಿದ್ರೆ ನನ್ ಮಾತು ಕೇಳ್ತದೆ. ಸುತ್ತು ಒಸಿ ಒಸಿ ದೊಡ್ಡದು ಮಾಡೋವ... ಕೆರೆ ಮುಟ್ಟೋಗಂಟ.”

“ಮಾಡಿದ್ದೆಲ್ಲಾ ಮಾಡಿ, ಈಗ ಕನಿಕರವಾ?”

ದೊಡ್ಡಿ ಕಾಯುವ ಮುದುಕಿ ಮಾರಮ್ಮ ಕೂಗಿದಳು. “ಸುಮ್ಕಿರಮ್ಮಿ! ಗಾಣದೋರು ಕಟುಕಂಗೆ ಮಾರಕ್ಕೆ ಹೊಂಟಾಗ, ಜಗಳ ಆಡಿ ಇದನ್ನ ರಾತ್ರೋರಾತ್ರಿ ಇಲ್ಲಿಗೆ ಹೊಡ್ಕೊಂಡು ಬಂದೋನು ಅವನೇ ಕಣೆ. ಇದ್ದ ಕೆಲ್ಸಾನೂ ಹೋಯ್ತು.”

‘ಅಯ್ಯೋ... ಎಂಥವನನ್ನು ನೂಕಿದೆ!’

ಅವಳು ಹತ್ತಿರ ಹೋಗಿ ಗಳುವಿನ ಇನ್ನೊಂದು ತುದಿ ಹಿಡಿದಳು. ಎತ್ತಿನ ಆ ಮಗ್ಗುಲಿಗೆ ಅವನು, ಈ ಮಗ್ಗುಲಿಗೆ ಇವಳು. ದಿನದಿನಕ್ಕೂ ಸುತ್ತು ಹಿಗ್ಗಿತು.

“ಓಲಗ ಇಲ್ದೇನೇ ಸುತ್ತು ಹಾಕ್ತಾವ್ರಲ್ಲಪ್ಪ!” ಮಾರಮ್ಮ ಕಿಸಕ್ಕೆಂದಳು.

“ನೀನು ಬಾಯಿ ಮುಚ್ಕೊಂಡು ಹುಲ್ಲು ಹಾಕಜ್ಜಿ!” ಸಿದ್ದಮ್ಮ ಗದರಿದಳು. ನಗು ಮಾತ್ರ ತಡೆಯಲಾಗಲಿಲ್ಲ.

ಒಂದು ಬೆಳಗ್ಗೆ ಎತ್ತಿನ ಮುಂಗಾಲು ಕೆರೆಯ ನೀರಿಗೆ ಬಿತ್ತು.

ಅದು ನಿಂತಿತು. ತಾನಾಗಿಯೇ ನಿಂತಿತು!

ಪುಟ್ಟಸ್ವಾಮಿ ಗಳು ಬಿಚ್ಚಿದ. ಎತ್ತು ಮೂತಿ ಅದ್ದಿ ಕುಡಿಯಿತು... ಕುಡಿಯುತ್ತಲೇ ಇತ್ತು. ಆಮೇಲೆ ತಲೆಯೆತ್ತಿ, ದಡದ ಹಸಿರಿನತ್ತ ನೇರವಾಗಿ ನಡೆಯಿತು. ನೇರವಾಗಿ! ತಿರುಗಲಿಲ್ಲ, ಸುತ್ತಲಿಲ್ಲ. ಮಾರಮ್ಮ ಕೈಮುಗಿದು ನಿಂತಳು. ಸಿದ್ದಮ್ಮ ಅದನ್ನೇ ನೋಡುತ್ತಿದ್ದಳು. ‘ದೇವರು ಭೂಮಿಗಿಳಿದರೆ ಹೀಗೇ ನಡೆಯುತ್ತಾನೇನೋ...’

ಬಿಚ್ಚಿದ ಗಳು ಕೆಳಗಿಟ್ಟು ಪುಟ್ಟಸ್ವಾಮಿ ಮೆಲ್ಲಗೆ ಅಂದ, “ನಾಳೆಯಿಂದ ನಂಗಿಲ್ಲಿ ಏನ್ ಕೆಲ್ಸ...”

“ಕೆಲ್ಸ ಇದ್ರೇನೇ ಬರೋದಾ ನೀವು?”

‘ನೀವು’ ಎಂದದ್ದು ಇದೇ ಮೊದಲು. ಅವನು ಬೆಚ್ಚಿ ನೋಡಿದ.

“ಮತ್ತೆ... ಏನಂತ ಬರ್ಲಿ?”

“ನಿಮ್ಮವ್ವನ್ನ ಕರ್ಕೊಂಡು ಬನ್ನಿ. ಏನಂತ ಬಂದ್ರಿ ಅನ್ನೋದ್ನ ಅವರೇ ನಮ್ಮಪ್ಪಂಗೆ ಹೇಳ್ತಾರೆ.”

“ನಿಜವಾ, ಸಿದ್ದಮ್ಮ?”

“ಇನ್ನೊಂದ್ ಸಲ ಕೇಳಿದ್ರೆ ಇಲ್ಲ ಅಂದ್ಬುಡ್ತೀನಿ!”

“ಕೇಳಕಿಲ್ಲ,” ಎಂದ ಅವನು, ಒದ್ದೆಗಣ್ಣಲ್ಲೇ ನಗುತ್ತಾ. “ಬತ್ತೀನಿ.”