ಮೂಗಿನೊಳಗಿನ ಸೀಸ

"ಮಾಮಾ, ಬ್ಯಾಡ! ಕೊಯ್ಯಬ್ಯಾಡ!"

ಭುವನಾ ಕಿರುಚುವಷ್ಟರಲ್ಲಿ ಬೆರಳುದ್ದದ ಗರಗಸ ವಿಮಾನದ ಬಾಲಕ್ಕೆ ತಾಗಿಯೇ ಬಿಟ್ಟಿತ್ತು. ನಿನ್ನೆಯಷ್ಟೇ ಡಬ್ಬಿಯಿಂದ ಹೊರಬಂದ ಪ್ಲಾಸ್ಟಿಕ್ ಜೆಟ್! ಹೊಸದನ್ನು ಯಾರಾದರೂ ಕೊಯ್ಯುತ್ತಾರೆಯೇ?

ಸುನೀಲಕುಮಾರ ಮಾಮಾ ನಕ್ಕ. ಅವನು ಏರ್‌ಫೋರ್ಸ್‌ನಲ್ಲಿ ಮೆಕ್ಯಾನಿಕ್. ರಜೆಗೆಂದು ಬ್ಯಾಡಗಿಯ ಅಕ್ಕನ ಮನೆಗೆ ಬಂದಿದ್ದ.

"ಇದು ಬ್ಯಾರೆ ಮಾಡಲ್ ಪುಟ್ಟಿ. ನಾ ದಿನಾ ಕೈ ಹಚ್ಚೂ ವಿಮಾನದ ಬಾಲ ಹಿಂಗಿಲ್ಲ. ಬೆನ್ನೂ ದಪ್ಪ ಐತಿ. ಅದಕ್ಕ ಇವನ್ನ ತರಿಸೇನಿ."

ಅವನು ತೋರಿಸಿದ ಚೀಲದಲ್ಲಿ ಬೂದುಬಣ್ಣದ ತುಂಡುಗಳಿದ್ದವು. ಅವು ರೆಸಿನ್‌ನವು. ಪ್ಲಾಸ್ಟಿಕ್‌ನಂತೆ ಪೊಳ್ಳಲ್ಲ, ಒಳಗೂ ಗಟ್ಟಿ. ಕೈಯಲ್ಲಿ ಹಿಡಿದರೆ ಭಾರ.

ಮಾಮಾ ಅವನ್ನು ಸಾಬೂನು ನೀರಲ್ಲಿ ತೊಳೆದ. ರೆಸಿನ್ ಧೂಳು ಎದೆಗೆ ಒಳ್ಳೆಯದಲ್ಲವೆಂದು ತಾಟಿನ ತುಂಬ ನೀರು ಹಾಕಿ, ನೀರೊಳಗೇ ಉಜ್ಜಿದ. ಅಂಟು ಹಾಕುವಾಗ ಸೀನಿ ಕೈ ಅಲುಗಬಾರದೆಂದು ಮೂಗಿಗೆ ಕರವಸ್ತ್ರ ಕಟ್ಟಿಕೊಂಡ. ಮೆಣಸಿನಕಾಯಿ ಘಾಟಿಗೆ ಬ್ಯಾಡಗಿಯವರು ಯಾರೂ ಸೀನುವುದಿಲ್ಲ. ಊರು ಬಿಟ್ಟು ಹೋದವರು ಸೀನುತ್ತಾರೆ. ಭುವನಾಗೆ ನಗು ತಡೆಯಲಾಗಲಿಲ್ಲ.

ಕೆಲಸ ಮುಗಿದಾಗ ಮಾಮಾ ಹೇಳಿದ, "ಕಣ್ಣು ಮುಚ್ಚಿ ಉಗುರು ಆಡಿಸು. ಎಲ್ಲಿ ಜೋಡ್ಸೇನಿ, ಹೇಳು."

ಭುವನಾ ಮೂರು ಸಲ ಉಗುರು ಆಡಿಸಿದಳು. ಕೊಯ್ದ ಜಾಗ ಸಿಗಲೇ ಇಲ್ಲ. ಇಂಥ ಕೈ ಇಡೀ ಜಿಲ್ಲೆಯಲ್ಲಿ ಇನ್ನಾರಿಗೂ ಇಲ್ಲವೆಂದು ಅವಳಿಗೆ ಅನಿಸಿತು.

"ಖರೇ ವಿಮಾನಾನೂ ನೀನ ಚೆಕ್ ಮಾಡ್ತಿ?"

"ಹೂಂ. ಚೆಕ್ ಮಾಡಿ ಸಹಿ ಹಾಕ್ತೇನಿ. ಆಮ್ಯಾಲ ಪೈಲಟ್ ಬರ್ತಾರ."

"ಅವರು ಮತ್ತ ನೋಡೂದಿಲ್ಲಾ?"

"ಸುತ್ತಮುತ್ತ ನೋಡ್ತಾರ. ಒಳಗೆಲ್ಲಾ ಬಿಚ್ಚಿ ನೋಡಾಕ ಆಗತೈತೇನು? ನನ್ನ ಮಾರಿ ನೋಡಿ ಹತ್ತತಾರ, ಅಷ್ಟ."

ಇನ್ನೂ ಅಂಟಿಸದ ಮೂಗನ್ನು ಸದ್ಯಕ್ಕೆ ಟೇಪಿನಿಂದ ಹಚ್ಚಿ, ಜೆಟ್ಟನ್ನು ಮೂರು ಗಾಲಿಗಳ ಮೇಲೆ ನಿಲ್ಲಿಸಿದರು. ದಡಕ್ಕನೆ ಬಾಲ ನೆಲಕ್ಕೆ ಕುಳಿತಿತು, ಮೂಗು ಮೇಲೆದ್ದಿತು.

"ರೆಸಿನ್ ಬಾಲ ಭಾರ ಆತು," ಎಂದ ಮಾಮಾ. "ಮೂಗಿನೊಳಗ ಸೀಸ ಹಾಕಬೇಕು. ರಾಣೆಬೆನ್ನೂರಾಗ ಹುಡುಕಿ ಬರ್ತೇನಿ. ನಾಳೆ ಮುಂಜಾನೆ ರೈಲು ಐತಿ, ಇವತ್ತ ಮುಗಿಸಿ ನಿನಗ ಕೊಟ್ಟು ಹೋಗ್ತೇನಿ."

ಮಾಮಾ ಬಸ್ಸು ಹತ್ತಿದ. ಭುವನಾಗೆ ಕೂತಲ್ಲಿ ಕೂರಲಾಗಲಿಲ್ಲ. ಅಪ್ಪನ ಕಿರಾಣಿ ಅಂಗಡಿಗೆ ಹೋದಳು. ಅಪ್ಪ ನಾಗಪ್ಪ ಊಟಕ್ಕೆ ಎದ್ದಿದ್ದ. ತಕ್ಕಡಿಯ ಪಕ್ಕದಲ್ಲಿ ಕಬ್ಬಿಣದ ತೂಕದ ಕಲ್ಲುಗಳು. ಇನ್ನೂರು ಗ್ರಾಮಿನದನ್ನು ತಿರುಗಿಸಿದಳು. ತಳದ ತೂತಿನಲ್ಲಿ ಸೀಸ! ಅದರ ಮೇಲೆ ಸರಕಾರದ ಮುದ್ರೆ.

ತಳ ಯಾರು ನೋಡುತ್ತಾರೆ? ಮನೆಯಿಂದ ಮಾಮಾನ ಚೂಪು ಚಾಕು ತಂದು ಕೆತ್ತಿ ಕೆತ್ತಿ ತೆಗೆದಳು.

ಸಂಜೆ ಮಾಮಾ ಬರಿಗೈಯಲ್ಲಿ ಬಂದ. ಭುವನಾ ಅಂಗೈ ಬಿಚ್ಚಿದಳು.

"ಅರೆ! ಎಲ್ಲಿ ಸಿಕ್ತು?"

"ಹಳೇ ಡಬ್ಬ್ಯಾಗ."

ಮಾಮಾ ಇನ್ನೊಂದು ಮಾತು ಕೇಳಲಿಲ್ಲ. ಸೀಸವನ್ನು ಮೂಗಿನೊಳಗೆ ಕೂರಿಸಿ, ಅಂಟಿಸಿ, ಉಜ್ಜಿದ. ಈಗ ಜೆಟ್ಟು ಮೂರೂ ಗಾಲಿಗಳ ಮೇಲೆ ಗತ್ತಿನಿಂದ ನಿಂತಿತು. ಭುವನಾ ಅದನ್ನು ಅಪ್ಪನಿಗೆ ತೋರಿಸಲು ಅಂಗಡಿಗೆ ಓಡಿದಳು.

ಅಲ್ಲಿ ಹಿಂದಿನ ಓಣಿಯ ರಹಿಮತಬಿ ಚಹಾಪುಡಿಗೆ ಬಂದಿದ್ದರು. ಅಪ್ಪ ಇನ್ನೂರು ಗ್ರಾಮಿನ ಕಲ್ಲನ್ನು ತಕ್ಕಡಿಗೆ ಇಟ್ಟ.

"ಮುಳ್ಳು ನೋಡ್ರಿ, ರಹಿಮತಬಿ."

"ಹಾಕ್ರೀ ನಾಗಪ್ಪಣ್ಣಾ, ನೋಡೂದೇನೈತಿ?" ಎಂದು ಅವರು ಚೀಲದ ಬಾಯಿ ಬಿಡಿಸುತ್ತಾ ನಿಂತರು. ತಕ್ಕಡಿಯ ಕಡೆ ಕಣ್ಣೇ ಹಾಯಿಸಲಿಲ್ಲ.

ತಾನು ಕೆತ್ತಿದ ಕಲ್ಲಿನ ಮೇಲೇ ಭುವನಾಳ ಕಣ್ಣು ನಿಂತಿತು. ರಹಿಮತಬಿ ಪೊಟ್ಟಣ ಹಿಡಿದು ಹೋದರು. ಭುವನಾ ನಿಂತಲ್ಲೇ ಅಳತೊಡಗಿದಳು. ಅಳುತ್ತಲೇ ಎಲ್ಲ ಹೇಳಿದಳು.

ಅಪ್ಪ ಕಲ್ಲನ್ನು ತಿರುಗಿಸಿ ತೂತು ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಇವತ್ತ ಇದರಾಗ ಎಷ್ಟ ಮಂದಿಗೆ ತೂಗೇನೋ," ಎಂದಷ್ಟೇ ಹೇಳಿದ.

ಅಳು ಕೇಳಿ ಮಾಮಾ ಅಲ್ಲಿಗೆ ಬಂದ. ಅಪ್ಪನ ಕೈಯ ಕಲ್ಲು ನೋಡಿದ, ಜೆಟ್ಟು ನೋಡಿದ. ಗರಗಸ ತಂದು, ತಾನೇ ನುಣ್ಣಗೆ ಮಾಡಿದ ಮೂಗನ್ನು ಕೊಯ್ದ. ಸೀಸ ತೆಗೆದು ಅಪ್ಪನ ಮುಂದಿಟ್ಟ.

"ಮುದ್ರಿ ಹೋತು," ಎಂದ ಅಪ್ಪ. "ಹಾವೇರಿಗೆ ಒಯ್ದು ಮತ್ತ ಹಾಕಿಸ್ಬೇಕು. ಅಲ್ಲೀಮಟಾ ಈ ಕಲ್ಲು ಬಂದ್."

ಬೇರೆ ಕಲ್ಲುಗಳಿಂದ ತೂಗಿ ನೋಡಿ, ಕಡಿಮೆಯಾದಷ್ಟು ಚಹಾಪುಡಿಯನ್ನು ಅಪ್ಪ ಕಾಗದದಲ್ಲಿ ಕಟ್ಟಿದ. ನೆನಪಾದ ಇನ್ನಷ್ಟು ಮನೆಗಳಿಗೂ ಪೊಟ್ಟಣ ಕಟ್ಟಿದ. ಭುವನಾ ಒಬ್ಬಳೇ ಮನೆಮನೆಗೆ ಹೋದಳು. ರಹಿಮತಬಿಯ ಬಾಗಿಲಲ್ಲಿ ಕಣ್ಣೊರೆಸಿಕೊಂಡು ಪೊಟ್ಟಣ ಚಾಚಿದಳು.

"ತೂಕ ಕಡಿಮಿ ಬಿದ್ದಿತ್ರಿ. ಕಲ್ಲಿನ ಸೀಸ ನಾನ ತಗದಿದ್ದೆ."

ರಹಿಮತಬಿ ಅವಳ ಮುಖವನ್ನೇ ನೋಡಿದರು. "ಇಷ್ಟಕ್ಕ ಅಳ್ತಾರೇನವಾ?" ಎಂದು ಪುಡಿಯನ್ನು ಡಬ್ಬಿಗೆ ಸುರಿದುಕೊಂಡರು.

ಮರುದಿನ ರೈಲು ಹತ್ತುವಾಗ ಮಾಮಾ ಅವಳ ಕೈಗೆ ಅಂಟಿನ ಟ್ಯೂಬು ಕೊಟ್ಟ. "ಸೀಸ ಸಿಕ್ಕಾಗ ಮೂಗು ನೀನ ಹಚ್ಚು. ಉಗುರಿಗೆ ಸಿಗಬಾರ್ದು, ನೋಡು."

"ಸಿಟ್ಟ ಬಂದಿಲ್ಲಾ ಮಾಮಾ?"

"ಬಂದಿತ್ತು. ನೀನ ಹೇಳಿದಿ ಅಂತ ಇಳೀತು."

ಅಂಗಡಿಯ ಗೂಡಿನಲ್ಲಿ ಜೆಟ್ಟು ಮೂಗಿಲ್ಲದೆ ಬಾಲದ ಮೇಲೆ ಕುಳಿತೇ ಇತ್ತು. ಬಂದವರೆಲ್ಲ ನಕ್ಕರು. ಭುವನಾ ಅದನ್ನು ಅಡಗಿಸಿಡಲಿಲ್ಲ.

ಭಾನುವಾರ ರಹಿಮತಬಿ ಸಕ್ಕರೆಗೆ ಬಂದರು. ಅಪ್ಪನ ಕೈತುಂಬ ಕೆಲಸ. ಭುವನಾಳೇ ತಕ್ಕಡಿ ಹಿಡಿದಳು.

"ಮುಳ್ಳು ನೋಡ್ರಿ," ಎಂದಳು.

ರಹಿಮತಬಿ ಅವಳ ಮುಖ ನೋಡಿ ನಕ್ಕು, ಚೀಲದ ಬಾಯಿ ಬಿಡಿಸತೊಡಗಿದರು.

ಭುವನಾ ಮಾತ್ರ ಮುಳ್ಳು ನಟ್ಟನಡುವೆ ಬಂದು ನಿಲ್ಲುವವರೆಗೂ ಕಣ್ಣು ಕೀಳಲಿಲ್ಲ.